ಕಲಿಯೋಪಿ ಅಜ್ಜಿಯ ಎಡಗಾಲಿನ ಬೂಟು

ಅನಂತರಾಮ ಕೂತಲ್ಲಿ ಕೂರುವ ಆಸಾಮಿಯಲ್ಲ. ಹೆಂಡತಿ ವಸುಂಧರಾ ಗಿಗಿರಿ ಬಡಾವಣೆಯ ಆಫೀಸಿಗೆ ಹೊರಟಳೆಂದರೆ ಅವನ ದಿಗ್ವಿಜಯ ಶುರು. ಅವಳ ಜೊತೆ ನೈರೋಬಿಗೆ ಬರಲೆಂದು ಬೆಂಗಳೂರಿನ ಬ್ಯಾಂಕ್ ಕೆಲಸ ಬಿಟ್ಟವನು. ಅಂದಿನಿಂದ ನಲ್ಲಿಯ ವಾಷರಾಗಲಿ, ನೆರೆಯವರ ಕಷ್ಟವಾಗಲಿ ಅವನ ಕೈಯಿಂದ ಪಾರಾದದ್ದಿಲ್ಲ.

ನೈರೋಬಿಯ ಸ್ಪ್ರಿಂಗ್ ವ್ಯಾಲಿಯಲ್ಲಿ ಅವರ ನೆರೆಯವರು ಕಲಿಯೋಪಿ ಅಜ್ಜಿ. ಗ್ರೀಸಿನ ಕಾರ್ಪಾಥೋಸ್ ದ್ವೀಪದಿಂದ ಮದುವೆಯಾಗಿ ಬಂದಾಗ ಕಸೂತಿಯ ಉಡುಪು, ನಾಣ್ಯದ ಸರ, ಉದ್ದನೆಯ ತೊಗಲಿನ ಬೂಟು ತಂದಿದ್ದರು. ಅವರೂರಲ್ಲಿ ಇವೆಲ್ಲ ತಾಯಿಯಿಂದ ಹಿರಿಮಗಳಿಗೆ. ಹೆಣ್ಣುಮಕ್ಕಳಿಲ್ಲದ ಅಜ್ಜಿ ಈಗ ಮೊಮ್ಮಗಳು ಸೋಫಿಯಾಗೆ ಕೊಟ್ಟಿದ್ದರು. ಆಗಸ್ಟ್ ಹದಿನೈದರ ಮೇರಿಮಾತೆಯ ಹಬ್ಬದಲ್ಲಿ ಅವಳು ಅವನ್ನೆಲ್ಲ ತೊಟ್ಟು ಕುಣಿಯಬೇಕು. ಕಣ್ಣು ಪೂರ್ತಿ ಮಂಜಾಗಿದ್ದ ಅಜ್ಜಿಗೆ ನೋಡುವ ಆಸೆ ಹೋಗಿತ್ತು. ಆ ಬೂಟು ನೆಲ ಗುದ್ದುವ ಸದ್ದು ಇನ್ನೊಮ್ಮೆ ಕೇಳಬೇಕೆನ್ನುವುದೊಂದೇ ಹಟ. ಎಡಗಾಲಿನ ಬೂಟೋ, ಅಟ್ಟೆ ಕಿತ್ತು ಬಾಯಿ ಬಿಟ್ಟಿತ್ತು.

"ನಾನಿದ್ದೀನಲ್ಲ!" ಎಂದು ಅನಂತರಾಮ ಎದೆ ತಟ್ಟಿಕೊಂಡ.

ಹಬ್ಬದ ಹಿಂದಿನ ಸಂಜೆ ಜೋಡಿಯನ್ನೇ ಒಯ್ದು, ರಸ್ತೆಬದಿಯ ಚಮ್ಮಾರನಿಂದ ಎಡಗಾಲಿನದರ ಅಟ್ಟೆ ಹೊಲಿಸಿಕೊಂಡು, ಗೆದ್ದ ಕೋಟೆಯ ಕೀಲಿಕೈ ಹಿಡಿದವನಂತೆ ಬಂದ. ವಸುಂಧರಾ ಬಾಗಿಲಲ್ಲೇ ತಡೆದಳು.

"ರೀ, ಒಳಗೆ ತರ್ಬೇಡಿ. ದೇವರಮನೆ ಎದುರಿಗೇ ಇದೆ."

"ವಂಶದ ಒಡವೆ ಕಣೇ ಇದು!"

"ಒಡವೆ ಆದ್ರೆ ಲಾಕರಲ್ಲಿಡಿ. ಕಾಲಿಗೆ ಹಾಕೋದಾದ್ರೆ ಹೊರಗಿರ್ಲಿ."

ಒಡವೆ ಚಪ್ಪಲಿಗಳ ನಡುವೆ ಮಲಗಿತು. ಬೆಳಗ್ಗೆ ನೋಡಿದರೆ ಬಲಗಾಲಿನದು ಮಾತ್ರ ಇತ್ತು.

ಪಂಚೆ ಎತ್ತಿ ಕಟ್ಟಿ, ಕೊಡೆ ಹಿಡಿದು ಓಡಿದವನಿಗೆ ಗೇಟಿನ ಕಾವಲುಗಾರ ಫೆಲಿಕ್ಸ್ ಬೆರಳು ತೋರಿಸಿದ. "ಅಲ್ಲಿ, ಬ್ವಾನಾ. ನಾಯಿ ತಿಂಡಿ ಮಾಡ್ತಿದೆ."

ಜಕರಾಂಡಾ ಮರದಡಿ ಘೋರ ಸಮರ ನಡೆಯಿತು. ಕೊಡೆ ಮುರಿಯಿತು, ಪಂಚೆ ಹರಿಯಿತು. ಕೊನೆಗೆ ನಿನ್ನೆಯ ಚಪಾತಿ ಕಪ್ಪವಾಗಿ ಒಪ್ಪಿಸಿ ಸಂಧಿ ಮಾಡಿಕೊಂಡ. ಅಟ್ಟೆ ಗಟ್ಟಿಯಾಗಿಯೇ ಇತ್ತು, ಮೇಲಿನ ತೊಗಲಲ್ಲಿ ಮಾತ್ರ ಸಾಲು ತೂತು.

ನೆರೆಮನೆಯಲ್ಲಿ ಸೋಫಿಯಾ ಸಿಂಗರಿಸಿಕೊಂಡು ಬರಿಗಾಲಲ್ಲಿ ಕಾಯುತ್ತಿದ್ದಳು. ಅನಂತರಾಮ ತಲೆತಗ್ಗಿಸಿ ಎಲ್ಲ ಹೇಳಿದ. ಅಜ್ಜಿ ತೂತುಗಳ ಮೇಲೆ ಬೆರಳಾಡಿಸಿದರು.

"ಬಲಗಾಲಿನದರ ಹಿಂದೆ ಒಂದು ತೇಪೆ ಇದೆ, ನೋಡಿದೆಯಾ? ಅದು ನಮ್ಮಮ್ಮನ ಆಡು ಕಚ್ಚಿದ್ದು. ನಮ್ಮಲ್ಲಿ ಹೊಲಕ್ಕೂ ಇದೇ, ಹಬ್ಬಕ್ಕೂ ಇದೇ." ಆಮೇಲೆ ದನಿ ಬಿಗಿಯಾಯಿತು. "ಆದರೆ ಹೊರಗೆ ಯಾಕಿಟ್ಟೆ?"

"ನಮ್ಮಲ್ಲಿ ಮೆಟ್ಟೋದನ್ನ ಒಳಗೆ ತರಲ್ಲ."

"ನಮ್ಮಲ್ಲಿ ಮದುಮಗಳು ಇದನ್ನ ಮೆಟ್ಟಿಕೊಂಡೇ ಮನೆಗೆ ಬರ್ತಾಳೆ. ಸೋಫಿಯಾ, ಹಾಕ್ಕೋ."

ಸಂಜೆ ಚರ್ಚಿನ ಅಂಗಳದಲ್ಲಿ ತಂತಿವಾದ್ಯ ಮೊಳಗಿತು, ಸೋಫಿಯಾಳನ್ನು ಸೇರಿಸಿಕೊಂಡು ಹೆಂಗಸರ ಸಾಲು ತೂಗಾಡಿತು. ಅಜ್ಜಿ ಕುರ್ಚಿಯಲ್ಲಿ ಕಿವಿಗೊಟ್ಟು ಕೂತಿದ್ದರು. ಪಕ್ಕದ ಅನಂತರಾಮನ ಕಾಲು ತಾನಾಗಿಯೇ ತಾಳ ಹಾಕತೊಡಗಿತು.

ಅಜ್ಜಿ ಅವನ ತೊಡೆಗೆ ಪಟ್ಟನೆ ಹೊಡೆದರು. "ಸುಮ್ಮನಿರು ಮಾರಾಯ! ನನಗೆ ಎಡಗಾಲು ಕೇಳಿಸ್ತಿಲ್ಲ."

ಅನಂತರಾಮ ಎರಡೂ ಕೈಯಿಂದ ಮೊಣಕಾಲು ಒತ್ತಿ ಹಿಡಿದು ಕೂತ, ಹಾಡು ಮುಗಿಯುವವರೆಗೂ.