ಹಡಗಿನ ಊಟದ ಮನೆಯಲ್ಲಿ ಅಣ್ಣನಿಗೊಂದು ಕುರ್ಚಿ

ಮಹಾರಾಷ್ಟ್ರದ ಗಡಿಯ ನಮ್ಮೂರು ಸಂಖದಿಂದ ಜತ್ತಕ್ಕೆ ಹೋಗುವ ಮುಂಜಾನೆಯ ಬಸ್ಸಿನಲ್ಲಿ ನನ್ನ ಅಣ್ಣ ಗುರುಪಾದಪ್ಪ ಹೊಸ ಕೋಟನ್ನು ತೊಡೆಯ ಮೇಲೆ ಹಾಸಿಕೊಂಡು ಕೂತಿದ್ದ. ಚೀಲಕ್ಕೆ ತುರುಕಿದರೆ ಮಡಿಕೆ ಬೀಳುತ್ತದೆಂದು ಅವನ ಹಟ. ಡಿಸೆಂಬರಿನ ಚಳಿಗೆ ಬಸ್ಸಿನವರೆಲ್ಲ ತಲೆಗೆ ಟವೆಲ್ ಸುತ್ತಿಕೊಂಡಿದ್ದರೆ ಇವನೊಬ್ಬ ಕೋಟು ಕಾಯುತ್ತಿದ್ದ. ನನಗೆ ಹೆಂಗಸೆಂದು, ಅವನಿಗೆ ಅರವತ್ತೈದು ದಾಟಿತೆಂದು ಇಬ್ಬರಿಗೂ ಅರ್ಧ ಟಿಕೆಟ್. ನಾವು ಹೊರಟಿದ್ದು ಮುಂಬಯಿಗೆ, ಅಲ್ಲಿಂದ ಹಡಗಿನಲ್ಲಿ ಗೋವಾಕ್ಕೆ. ನನಗಂತೂ ಹಿಂದಿನ ರಾತ್ರಿ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ.

ಅಣ್ಣ ಇಪ್ಪತ್ತಾರು ವರ್ಷ ಪರದೇಶದ ಪ್ರವಾಸಿ ಹಡಗುಗಳ ಊಟದ ಮನೆಯಲ್ಲಿ ಬಡಿಸಿದವನು. ರಜೆಗೆ ಬಂದಾಗಲೆಲ್ಲ ಅದರದೇ ಮಾತು. ಗಂಜಿ ಹಾಕಿದ ಬಿಳಿ ಮೇಜುಬಟ್ಟೆ, ಕಮಲದ ಹಾಗೆ ಮಡಚಿದ ಕೈವಸ್ತ್ರ, ಗಂಟೆ ಬಾರಿಸಿದ ಮೇಲೆ ಕೋಟು ಟೈ ಹಾಕಿಕೊಂಡು ಬರುವ ಜನ, ಪ್ರಯಾಣದ ಕೊನೆಯ ದಿನದವರೆಗೂ ಅದೇ ಮೇಜು, ಅದೇ ಬಡಿಸುವವ. ಆದರೆ ಆ ಕುರ್ಚಿಗಳಲ್ಲಿ ಕೂರುವ ಹಕ್ಕು ಕೆಲಸದವರಿಗೆ ಇರಲಿಲ್ಲ. ಊರಲ್ಲೂ ಅದೇ ಪಾಡು. ಯಾರದೇ ಮದುವೆಯಾಗಲಿ, ಕೈ ಪಳಗಿದವನೆಂದು ಪಂಕ್ತಿಗೆ ಬಡಿಸಲು ಇವನನ್ನೇ ಎಬ್ಬಿಸುತ್ತಿದ್ದರು. "ಒಮ್ಮೆರ ಆ ಕುರ್ಚ್ಯಾಗ ಕುಂತು ಉಣಬೇಕು ನೋಡು ಕಾಶೀ," ಎಂದು ಕಳೆದ ಯುಗಾದಿಗೆ ಅಂದಿದ್ದ. ಕನ್ನಡ ಶಾಲೆಯ ಹೆಡ್‌ಬಾಯಿಯಾಗಿ, ಅಂದರೆ ಮುಖ್ಯ ಶಿಕ್ಷಕಿಯಾಗಿ, ನಿವೃತ್ತಳಾದ ನನಗೆ ಅಷ್ಟೇ ಸಾಕಾಯಿತು. ಮೂರು ರಾತ್ರಿಯ ಟಿಕೆಟ್ ತೆಗೆಸಿಯೇ ಬಿಟ್ಟೆ. ಅಣ್ಣನ ಹೆಂಡತಿ, ನಮ್ಮ ವೈನಿಯನ್ನೂ ಕರೆದೆ. "ಬಾವಿ ಬಗ್ಗಿ ನೋಡಿದ್ರ ನನಗ ತಲಿ ತಿರಗತೈತಿ, ಸಮುದ್ರ ನಿಮಗ ಇರಲಿ," ಎಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಮಿರಜದಲ್ಲಿ ರಾತ್ರಿ ರೈಲು ಹತ್ತಿ ಅದನ್ನು ಮುಗಿಸಿದೆವು.

ಮರುದಿನ ಮಧ್ಯಾಹ್ನ ಬಂದರಿನಲ್ಲಿ ಹಡಗು ಕಂಡಾಗ ನಾನು ನಿಂತಲ್ಲೇ ನಿಂತೆ. ಹನ್ನೊಂದು ಅಂತಸ್ತು! ಚೀಲ ತಪಾಸಣೆ, ಫೋಟೋ, ಕೊರಳಿಗೊಂದು ಕಾರ್ಡು. ಒಳಗೆ ಹೋದ ಅರ್ಧ ತಾಸಿನಲ್ಲಿ ನಾನು ಮೂರು ಸಲ ದಾರಿ ತಪ್ಪಿದೆ, ಮೂರು ಸಲವೂ ಖುಷಿಪಟ್ಟೆ. ಮೇಲಿನ ಅಂತಸ್ತಿನಲ್ಲಿ ಬೇಕಾದ್ದನ್ನು ನಾವೇ ಹಾಕಿಕೊಂಡು ತಿನ್ನುವ ದೊಡ್ಡ ಹಾಲ್. ಪಾವ್‌ಭಾಜಿ, ದೋಸೆ, ನೂಡಲ್ಸ್, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಜೈನರ ಊಟ, ಒಂಬತ್ತು ಬಗೆಯ ಸಿಹಿ. ಚಡ್ಡಿ ಚಪ್ಪಲಿಯಲ್ಲಿದ್ದ ಜನ ತಟ್ಟೆ ಹಿಡಿದು ನಿಂತದ್ದು ನಮ್ಮ ಶಾಲೆಯ ಖಿಚಡಿ ಸಾಲಿನ ಹಾಗೆಯೇ ಇತ್ತು. ನಾನು ನಾಚಿಕೆ ಬಿಟ್ಟು ಎರಡು ತಟ್ಟೆ ತುಂಬಿಸಿಕೊಂಡೆ. ಅಣ್ಣ ಬರೀ ಚಹಾ ಕುಡಿದ. "ಇದು ತಿನ್ನೂ ಜಾಗಾ. ಉಣ್ಣೂ ಜಾಗಾ ಕೆಳಗ ಐತಿ," ಅಂದ.

ಸಂಜೆ ಏಳಕ್ಕೆ ಕೋಟು ಟೈ ತೊಟ್ಟು ಕೆಳಗಿನ ಊಟದ ಮನೆಗೆ ಹೊರಟ. ಬಾಗಿಲಲ್ಲೇ ಅವನ ಮುಖ ಇಳಿಯಿತು. ಮೇಜುಗಳ ಮೇಲೆ ಬಟ್ಟೆಯಿಲ್ಲ, ಕಾಗದದ ಕೈವಸ್ತ್ರ. ಊಟದ ಪಟ್ಟಿ ನೋಡಲು ಮೊಬೈಲಿನಲ್ಲಿ ಕ್ಯೂಆರ್ ಚೌಕವೊಂದರ ಫೋಟೋ ತೆಗೆಯಬೇಕು. ಯಾರು ಯಾವಾಗ ಬೇಕಾದರೂ ಬರಬಹುದು, ಎಲ್ಲಿ ಬೇಕಾದರೂ ಕೂರಬಹುದು. ಅಷ್ಟರಲ್ಲಿ ದೊಡ್ಡ ಹಾಡೊಂದು ಶುರುವಾಗಿ, ಬಡಿಸುವವರೆಲ್ಲ ಕೈವಸ್ತ್ರ ಬೀಸುತ್ತ ಕುಣಿಯತೊಡಗಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

"ಬಡಸಾವ್ರು ಕುಣಿತಾರ?" ಅಣ್ಣನ ಬಾಯಿ ತೆರೆದೇ ಇತ್ತು.

ಆಗಲೇ ಒಂದು ಗುಜರಾತಿ ಕುಟುಂಬ ಬಂದು ಅವನೆದುರು ನಿಂತಿತು. ಇಡೀ ಹಾಲ್‌ನಲ್ಲಿ ಕೋಟು ಹಾಕಿದವನು ಅವನೊಬ್ಬನೇ. "ಆರು ಜನ, ಕಿಟಕಿ ಪಕ್ಕ ಕೊಡಿ," ಎಂದು ಯಜಮಾನ ಹಿಂದಿಯಲ್ಲಿ ಕೇಳಿದ. ಅಣ್ಣ ಒಂದು ಕ್ಷಣವೂ ತಡೆಯಲಿಲ್ಲ. ತಲೆ ಬಾಗಿಸಿ, ಮುಂದೆ ನಡೆದು, ಕುರ್ಚಿ ಎಳೆದು ಅಜ್ಜಿಯನ್ನು ಕೂರಿಸಿ, ನೀರೂ ಹಾಕಿಬಿಟ್ಟ! ನಾನು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡೆ. ನಗು ಮುಗಿದ ಮೇಲೆ ನೋಡಿದರೆ ಅವನು ಇನ್ನೂ ಅಲ್ಲೇ ನಿಂತಿದ್ದ. ಆ ರಾತ್ರಿ ಅವನು ಊಟವನ್ನೇ ಮಾಡಲಿಲ್ಲ.

ಎರಡನೆಯ ದಿನ ಗೋವಾ. ಚರ್ಚು ನೋಡಿದೆವು, ಎಳನೀರು ಕುಡಿದೆವು, ಸೆಕೆಗೆ ಬೆಂದು ಸಂಜೆ ಹಡಗಿಗೆ ಮರಳಿದೆವು. ಅಂದು ಅಣ್ಣನನ್ನು ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದೆ. ಹಾಲ್ ತುಂಬಿತ್ತು, ಬಡಿಸುವವರು ಕಡಿಮೆ. ನಮ್ಮ ಕಡೆಯ ಮೇಜುಗಳನ್ನು ನೋಡಿಕೊಳ್ಳುತ್ತಿದ್ದವಳು ನಲವತ್ತರ ಆಚೀಚೆಯ ಹೆಂಗಸು, ರತ್ನಾಗಿರಿ ಕಡೆಯ ವಂದನಾ. ಅಣ್ಣನ ಕಾಲದಲ್ಲಿ ಅವನ ಹಡಗುಗಳಲ್ಲಿ ಬಡಿಸುವ ಹೆಂಗಸರೇ ಇರಲಿಲ್ಲವಂತೆ. ಪಕ್ಕದ ಮೇಜಿನವರು ತಡವಾಯಿತೆಂದು ಗೊಣಗಿದ್ದೇ ತಡ, ಅಣ್ಣ ಎದ್ದ. ಅವಳ ಗಾಡಿಯಿಂದ ಒಂದೇ ಕೈಯಲ್ಲಿ ಮೂರು ತಟ್ಟೆ ಎತ್ತಿ, ಒಂದು ಹನಿ ಚೆಲ್ಲದೆ ಅವರ ಮುಂದಿಟ್ಟ.

ವಂದನಾ ಬೈಯಲಿಲ್ಲ. ಅವನ ಮಣಿಕಟ್ಟನ್ನೇ ನೋಡಿ, "ಕಾಕಾ, ಎಷ್ಟು ವರ್ಷ ಮಾಡಿದಿರಿ?" ಎಂದು ಮರಾಠಿಯಲ್ಲಿ ಕೇಳಿದಳು. ಅವನು ಹೇಳಿದ. ಹಳೆಯ ಊಟದ ಮನೆಯ ಬೆಡಗನ್ನೂ ಹೇಳಿದ, ಈಗಿನದು ಸಂತೆಯಾಗಿದೆ ಎಂದೂ ಹೇಳಿದ.

"ಬಟ್ಟೆ ಹೋಯಿತು, ನಿಜ. ಒಬ್ಬೊಬ್ಬರ ಮೇಲೆ ಮೇಜುಗಳೂ ಜಾಸ್ತಿಯಾದವು," ಎಂದಳು ಅವಳು. "ಆದರೆ ಈಗ ಜನ ನನ್ನ ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ. ನಿಮ್ಮನ್ನು ಏನೆಂದು ಕರೆಯುತ್ತಿದ್ದರು?"

ಅಣ್ಣ, "ಬೆರಳು ಚಿಟಿಕಿ ಹೊಡದು," ಅಂದ. ಅವನ ಇಷ್ಟು ವರ್ಷಗಳ ಕಥೆಗಳಲ್ಲಿ ಈ ಮಾತು ನಾನು ಕೇಳಿರಲೇ ಇಲ್ಲ.

"ನಾಳೆ ಏಳಕ್ಕೆ ಬನ್ನಿ, ಕಿಟಕಿಯ ಮೇಜು ಹಿಡಿದಿಡುತ್ತೇನೆ," ಎಂದಳು ವಂದನಾ. "ಆದರೆ ಏಳಬಾರದು. ಊಟದ ನಡುವೆ ಅತಿಥಿ ಎದ್ದರೆ ಬಡಿಸುವವರ ಕೆಲಸ ಕೆಟ್ಟಿತೆಂದು ಅರ್ಥ. ನಿಮಗೆ ನಾನು ಹೇಳಬೇಕೇ?"

ಮೂರನೆಯ ದಿನ ಪೂರ್ತಿ ಸಮುದ್ರ. ಎಲ್ಲಿ ನೋಡಿದರೂ ನೀರು! ಬರದ ಊರಲ್ಲಿ ನೀರಿನ ಟ್ಯಾಂಕರಿನ ದಾರಿ ಕಾದೇ ಬದುಕಿದ ನಾನು ಕಟಕಟೆ ಹಿಡಿದು ಹುಚ್ಚಿಯಂತೆ ನೋಡಿದೆ. ಅಣ್ಣ ಮಾತ್ರ ಪರೀಕ್ಷೆಗೆ ಕೂರುವ ಹುಡುಗನಂತೆ ಗಡಿಯಾರ ನೋಡುತ್ತಿದ್ದ.

"ಎದ್ದಗಿದ್ದೀ ಮತ್ತ," ಎಂದು ಹೆದರಿಸಿದೆ.

"ಆಕಿ ಕೆಲಸದ ಪ್ರಶ್ನೆ ಐತಿ. ಹೆಂಗ ಏಳಲಿ?"

ಏಳಕ್ಕೆ ಕೂತೆವು. ವಂದನಾ ಮೊದಲು ಟೊಮೆಟೊ ಸೂಪು ತಂದಳು. ಅವಳು ಬಟ್ಟಲು ಇಡುವಾಗ ಅಣ್ಣ ಅಭ್ಯಾಸಬಲದಿಂದ ತನ್ನ ಕೈಯನ್ನು ಹಿಂದೆ ಕಟ್ಟಿಕೊಳ್ಳಲು ಹೋಗಿ ಕುರ್ಚಿಯ ಬೆನ್ನಿಗೆ ತಾಗಿಸಿಕೊಂಡ. ಎರಡು ಗುಟುಕು ಆಗಿರಬೇಕು, ಹಿಂದಿನ ಮೇಜಿನಲ್ಲಿ ಚಮಚೆ ಠಣ್ಣೆಂದು ಬಿತ್ತು. ಅವನ ಭುಜಗಳು ಎದ್ದವು. ಯಾರೋ ಬೆರಳು ಚಿಟಿಕೆಯನ್ನೂ ಹೊಡೆದರು. ಅಣ್ಣ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದ, ಕಣ್ಣು ಮುಚ್ಚಿದ, ಮತ್ತೆ ಚಮಚೆ ಎತ್ತಿಕೊಂಡ. ಆಮೇಲೆ ಪನೀರು ಬಂತು, ದಾಲ್ ಬಂತು, ಶ್ರೀಖಂಡ ಬಂತು. ಹಾಡು ಶುರುವಾಗಿ ವಂದನಾ ಕುಣಿದಾಗ ಅವನ ಪಾದ ಮೇಜಿನ ಕೆಳಗೆ ತಾಳ ಹಾಕುತ್ತಿತ್ತು. ಕಂಡೂ ಕಾಣದವಳಂತೆ ಇದ್ದೆ. ಒಂದೂವರೆ ತಾಸು ಅವನು ಆ ಕುರ್ಚಿ ಬಿಟ್ಟು ಏಳಲಿಲ್ಲ. ನನಗೆ ಕುಣಿದಾಡುವಷ್ಟು ಸಂತೋಷವಾಗಿತ್ತು. ತಟ್ಟೆ ತೆಗೆಯುವಾಗ ವಂದನಾ ಅವನ ಕೊರಳ ಕಾರ್ಡಿನ ಹೆಸರು ಓದಿ, "ಗುರುಪಾದ ಕಾಕಾ, ಊಟ ಹೇಗಿತ್ತು?" ಎಂದು ಕೇಳಿದಳು. ಅಣ್ಣ ಅವಳಿಗೆ ಕೈಮುಗಿದ.

ಮರುದಿನ ಬೆಳಿಗ್ಗೆ ಮುಂಬಯಿಯಲ್ಲಿ ಇಳಿದೆವು. ಬಂದರಿನ ಗೇಟಿನ ಬಳಿ ಅಣ್ಣ ತಿರುಗಿ ನಿಂತು ಊಟದ ಮನೆಯ ಕಿಟಕಿಗಳ ಸಾಲನ್ನು ಹುಡುಕಿದ. ಒಳಗೆ ಯಾರೋ ಮಧ್ಯಾಹ್ನ ಹತ್ತುವ ಹೊಸ ಜನಕ್ಕಾಗಿ ಮೇಜು ಒರೆಸುತ್ತಿದ್ದರು.

"ಕಾಶೀ," ಅಂದ. "ನಮ್ಮ ಪಾಳಿ ಬರೂದ್ರಾಗ ನಮ್ಮ ಊಟ ತಣ್ಣಗ ಆಗಿರತಿತ್ತು. ಇಪ್ಪತ್ತಾರು ವರ್ಷ ಆ ಸೂಪು ಎಷ್ಟ ಬಿಸಿ ಇರತೈತಿ ಅಂತ ನನ್ನ ಕೈಗೆ ಗೊತ್ತಿತ್ತು. ಬಾಯಿಗೆ ನಿನ್ನಿ ಗೊತ್ತಾತು."

ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಅಣ್ಣ ನೋಡಿ ಮುಗಿಸಲಿ ಎಂದು ನಾನು ಅವಸರ ಮಾಡಲಿಲ್ಲ.