ಗೋಡೆ ದಾಟಿದ ಮಿತ್ಸುಯೊ

ಕೂಲಿ ಏರಿತೆಂದರೆ ಬೇರೆ ಕಡೆ ಜನ ಖುಷಿಪಡುತ್ತಾರೇನೋ. ನಮ್ಮ ಸೆಂಜಾಕಿ ಬಂದರಿನ ಕಾರ್ಖಾನೆಯಲ್ಲಿ ಹೆಂಗಸರೆಲ್ಲ ಮುಖ ಗಂಟು ಹಾಕಿಕೊಳ್ಳುತ್ತೇವೆ. ಅರೆದ ಮೀನನ್ನು ಹಲಗೆಯ ಮೇಲೆ ದಿಬ್ಬದಂತೆ ಮೆತ್ತಿ ಬೇಯಿಸುವ ಕಾಮಾಬೊಕೊ ನಮ್ಮ ಕಸುಬು. ಅರೆಹೊತ್ತಿನ ಕೆಲಸದವರಾದ ನಮಗೊಂದು ಗೋಡೆಯಿದೆ. ಹೆಂಡತಿಯ ವರ್ಷದ ಗಳಿಕೆ ಹದಿಮೂರು ಲಕ್ಷ ಯೆನ್ ದಾಟಿದರೆ ಗಂಡನ ಕಚೇರಿ ಕೊಡುವ ಹೆಂಡತಿ ಭತ್ಯೆ ನಿಲ್ಲುತ್ತದೆ, ಅವನ ವಿಮೆಯಿಂದ ಅವಳ ಹೆಸರು ಹೊರಬೀಳುತ್ತದೆ. ಕೂಲಿ ಹೆಚ್ಚಾದಷ್ಟೂ ಗೋಡೆ ಬೇಗ ಎದುರಾಗುತ್ತದೆ. ಹಾಗಾಗಿ ಹೊಸ ವರ್ಷದ ಕಾಮಾಬೊಕೊಗೆ ಊರೆಲ್ಲ ಮುಗಿಬೀಳುವ ಡಿಸೆಂಬರಿನಲ್ಲೇ ನಾವು ಏಪ್ರನ್ ಬಿಚ್ಚಿಟ್ಟು ಮನೆ ಸೇರುತ್ತೇವೆ. ಇದಕ್ಕಿಂತ ದೊಡ್ಡ ಮೂರ್ಖತನವನ್ನು ನಾನು ಕಂಡಿಲ್ಲ. ಆದರೂ ಪ್ರತಿವರ್ಷ ಮಾಡುತ್ತೇನೆ.

ಪಕ್ಕದ ಮನೆಯ ಮಿತ್ಸುಯೊ ಕೂಡ ಹನ್ನೊಂದು ವರ್ಷ ಇದನ್ನೇ ಮಾಡಿದಳು. ಕೈಕೆಲಸದಲ್ಲಿ ಮಾತ್ರ ಅವಳನ್ನು ಮೀರಿಸುವವರಿಲ್ಲ. ಅವಳು ಚಾಕುವಿನಿಂದ ಮೆತ್ತಿದ್ದರಲ್ಲಿ ಹುಡುಕಿದರೂ ಒಂದು ಗಾಳಿಗುಳ್ಳೆ ಸಿಗದು. ಕಳೆದ ನವೆಂಬರಿನಲ್ಲಿ ಮೇಸ್ತ್ರಿ ಇವಾಸಾಕಿ ಅವಳ ಮುಂದೆ ಬಂದು ನಿಂತರು.

"ನೋಡಮ್ಮ, ವಸಂತಕ್ಕೆ ನಾನು ಕೆಲಸ ಬಿಡ್ತೀನಿ. ನನ್ನ ಜಾಗ ನಿಂಗೇ. ಆದ್ರೆ ಡಿಸೆಂಬರಲ್ಲಿ ಓಡಿಹೋಗೋರಿಗೆ ಕೊಡಲ್ಲ."

"ಎಲ್ಲೂ ಹೋಗಲ್ಲ, ಬರ್ಕೊಳ್ಳಿ," ಎಂದಳು.

ಅವಳ ಗಂಡ ತೊಕುಜಿ ಸಿಮೆಂಟ್ ಕಂಪನಿಯಲ್ಲಿ ಗುಮಾಸ್ತ. ಸುದ್ದಿ ಕೇಳಿ ಕೂಗಾಡಿದ ಸದ್ದು ನಮ್ಮ ಅಡುಗೆಮನೆಗೂ ಬಂತು.

"ನಾನು ಸಾಕೋದು ಸಾಲದೇನೇ? ಆಫೀಸಲ್ಲಿ ಏನಂದ್ಕೋತಾರೆ?"

ಅವನ ವಿಮೆಯಿಂದ ಹೊರಬರುವ ಕಾಗದಕ್ಕೆ, ನಮ್ಮಲ್ಲಿ ಸಹಿಯ ಬದಲು ಒತ್ತುವ, ಅವನ ಹೆಸರಿನ ಮುದ್ರೆ ಬೀಳಬೇಕು. ಆಮೇಲೆಯೇ ಜನವರಿ ನಾಲ್ಕಕ್ಕೆ ಕಾರ್ಖಾನೆ ಅವಳನ್ನು ಕಾಯಂ ಮಾಡಿಕೊಳ್ಳುವುದು. ಮಹಾನುಭಾವ ಮುದ್ರೆಯನ್ನೇ ಬಚ್ಚಿಟ್ಟ.

ಮಿತ್ಸುಯೊ ಜಗಳಕ್ಕೆ ಹೋಗಲಿಲ್ಲ. ಡಿಸೆಂಬರ್ ಪೂರ್ತಿ ಬೆಳಗಿನ ಐದಕ್ಕೆ ಸೈಕಲ್ ಹತ್ತಿ ಹೊರಟಳು. ನಾನು ಮನೆಯಲ್ಲಿ ಬೆಚ್ಚಗೆ ಕುಳಿತು ಕಿತ್ತಳೆ ಸುಲಿಯುತ್ತ ಅವಳನ್ನು ನೆನೆದು ಹೊಟ್ಟೆಕಿಚ್ಚು ಪಟ್ಟೆ.

ಜನವರಿ ಎರಡರಂದು ಹೊಸ ವರ್ಷದ ಶುಭಾಶಯ ಹೇಳಲು ಒಂದು ಚೀಲ ಕಿತ್ತಳೆ ಹಿಡಿದು ಅವರ ಮನೆಗೆ ಹೋದೆ. ತೊಕುಜಿ ಕಾಮಾಬೊಕೊ ಬಾಯಿಗಿಟ್ಟು ಕಣ್ಣರಳಿಸಿದ.

"ಈ ಸಲದ್ದು ಚೆನ್ನಾಗಿದೆ ಕಣೇ. ಇಷ್ಟು ವರ್ಷದಲ್ಲಿ ಇಂಥದ್ದು ತಿಂದಿಲ್ಲ. ಯಾರು ಮಾಡಿದ್ದು?"

"ಡಿಸೆಂಬರಲ್ಲಿ ಇದ್ದೋಳು," ಎಂದಳು ಮಿತ್ಸುಯೊ.

ತೊಕುಜಿ ಎರಡನೆಯ ಹೋಳು ತಿಂದ, ಮೂರನೆಯದನ್ನೂ ತಿಂದ. ಆಮೇಲೆ ಎದ್ದು ಮೇಜಿನ ಖಾನೆ ಎಳೆದ, ದೇವರ ಗೂಡಿನ ಹಿಂದೆ ತಡಕಿದ, ಚಪ್ಪಲಿ ಕಪಾಟಿನಲ್ಲೂ ಕೈಯಾಡಿಸಿದ.

"ಎಲ್ಲಿಟ್ಟೆನಪ್ಪಾ ಆ ಹಾಳು ಮುದ್ರೇನ!"

"ಹಳೇ ಟೀ ಡಬ್ಬೀಲಿ. ನೀವು ಬಚ್ಚಿಟ್ಟ ದಿನಾನೇ ನೋಡ್ದೆ."

ತೊಕುಜಿ ತಿರುಗಿ ನೋಡಿದ. "ಮತ್ತೆ ನೀನೇ ಒತ್ಕೋಬಹುದಿತ್ತಲ್ಲ?"

"ಕದ್ದು ದಾಟೋಕೆ ನಾನೇನು ಕಳ್ಳೀನಾ? ನೀವೇ ಒತ್ತಿ."

ಅವನು ಒತ್ತಿದ. ಮುದ್ರೆ ಸ್ವಲ್ಪ ಸೊಟ್ಟಗೆ ಬಿತ್ತು. ನನಗೆ ಅಳುವೇ ಬಂತು, ಕಿತ್ತಳೆಯ ಚೀಲ ಅಲ್ಲೇ ಮರೆತು ಬಂದೆ.

ನಾಲ್ಕನೆಯ ತಾರೀಖು ಬೆಳಗಿನ ಐದಕ್ಕೆ ನಮ್ಮ ಬಾಗಿಲು ಬಡಿದ ಸದ್ದು. ತೆರೆದರೆ ಮಿತ್ಸುಯೊ, ಕೈಯಲ್ಲಿ ಕಿತ್ತಳೆಯ ಚೀಲ.

"ಬರೋ ಡಿಸೆಂಬರಿಗೆ ನಂಗೆ ಜೊತೆಗೊಬ್ಬಳು ಬೇಕು," ಎಂದಳು. "ನಿಮ್ಮನೇಲಿ ಮುದ್ರೆ ಎಲ್ಲಿಡ್ತಾರೆ?"