ಕಾಲು ಮೇಲಾದ ಪೆಟ್ಟಿಗೆ

ಆಯ್ಕೆ ಮಾಡುವುದೆಂದರೆ ತೊಕಿಕೊಳಿಗೆ ಸಾಕುಸಾಕಾಗಿ ಹೋಗಿತ್ತು. ಅವಳ ಹೊಟ್ಟೆಪಾಡೇ ಅದು. ಒಸಾಕಾದ ಒಂದು ಗುಂಡಿ ಅಂಗಡಿಯಲ್ಲಿ, ಅಂದರೆ ಅಂಗಿಗೆ ಹೊಲಿಯುವ ಗುಂಡಿಗಳ ಸಗಟು ಅಂಗಡಿಯಲ್ಲಿ, ಮದುವೆಗೆ ಮುಂಚೆ ಕೂತವಳು ಅರವತ್ತು ದಾಟಿದ ಮೇಲೂ ಎದ್ದಿರಲಿಲ್ಲ. ದರ್ಜಿಗಳು ಬಟ್ಟೆಯ ಚೂರು ಕಳಿಸುತ್ತಾರೆ, ಅದಕ್ಕೆ ಹೊಂದುವ ಗುಂಡಿಯನ್ನು ಅವಳು ಹುಡುಕಿ ಕೊಡಬೇಕು. ನಮಗೆ ನಿಮಗೆ ಬಿಳಿ ಎಂದರೆ ಬಿಳಿ. ಅವಳಿಗೆ ಹಾಲಿನ ಬಿಳಿ ಬೇರೆ, ಅನ್ನದ ಬಿಳಿ ಬೇರೆ, ಸುಣ್ಣದ ಬಿಳಿ ಬೇರೆ. ದಿನವಿಡೀ ಹೀಗೆ ಕಣ್ಣು ಸವೆಸಿ ಮನೆಗೆ ಬಂದು, ಊಟಕ್ಕೇನು ಮಾಡಲಿ ಎಂದು ಕೇಳಿದರೆ ಗಂಡ ಮಸಾಜಿಯ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು.

“ಯಾವ್ದಾದ್ರೂ ಸರಿ.”

ನಮ್ಮ ಊರಿನ ಗಂಡಸರೆಲ್ಲರ ಬಾಯಲ್ಲೂ ಇರುವ ಮಾತೇ ಅದು. ಹೇಳುವವರಿಗೆ ಅದು ದೊಡ್ಡತನ, ಕೇಳಿಸಿಕೊಂಡವಳಿಗೆ ತಲೆನೋವು. ಯಾವ್ದಾದ್ರೂ ಸರಿ ಅನ್ನುವ ತರಕಾರಿ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಹೇಳಿ, ತರುತ್ತೇನೆ ಎಂದು ತೊಕಿಕೊ ಕುಟುಕುತ್ತಿದ್ದಳು. ಮಸಾಜಿ ನಕ್ಕುಬಿಡುತ್ತಿದ್ದ. ಲೋಹದ ಅಚ್ಚುಗಳಿಗೆ ಹೊಳಪು ಕೊಡುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವನು ಒಳ್ಳೆಯವನೇ. ಕುಡಿತವಿಲ್ಲ, ಕೋಪವಿಲ್ಲ. ಇದ್ದ ಚಟವೆಂದರೆ ಊಟವಾದ ಮೇಲೆ ಟಿವಿಗೆ ಬೂದು ಬಣ್ಣದ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಸಿಕ್ಕಿಸಿ, ಸಿ.ಡಿ. ಹಾಕಿ, ಕೆರೆಯ ದಡದಲ್ಲಿ ಕೂತು ಮೀನು ಹಿಡಿಯುವ ಆಟ ಆಡುವುದು. ಮೀನಿಗಿಂತ ಕಾಯುವುದೇ ಹೆಚ್ಚು ಆ ಆಟದಲ್ಲಿ. ಪಾತ್ರೆ ತೊಳೆಯುತ್ತ ತೊಕಿಕೊ ಆ ನೀರಿನ ಸದ್ದನ್ನು ಕೇಳುತ್ತಿದ್ದಳು. ಅವಳ ಪಾಲಿಗೆ ದಿನದಲ್ಲಿ ಏನನ್ನೂ ಆರಿಸಬೇಕಿಲ್ಲದ ಹೊತ್ತು ಅದೊಂದೇ.

ಆ ಪೆಟ್ಟಿಗೆ ಒಂದು ದಿನ ಕೆಟ್ಟು ನಿಂತಿತು. ಮಸಾಜಿಯೇ ಅದನ್ನು ಬೀದಿಯ ಗುಜರಿಗೆ ಕೊಟ್ಟ. ಸಿ.ಡಿ.ಯನ್ನು ಮಾತ್ರ ಬಿಸಾಡದೆ ಬೀರುವಿನಲ್ಲಿಟ್ಟ. ಅದಾಗಿ ಎಷ್ಟೋ ವರ್ಷಗಳು ಕಳೆದವು.

ಹೋದ ಚಳಿಗಾಲದಲ್ಲಿ ಅವನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವನನ್ನು ಮಗ್ಗುಲು ಬದಲಿಸುವುದು, ಕೂರಿಸುವುದು, ಗಂಜಿ ಕುಡಿಸುವುದು ಎಲ್ಲ ತೊಕಿಕೊಳ ಪಾಲಿಗೆ ಬಂತು. ಮಧ್ಯಾಹ್ನದವರೆಗೆ ಗುಂಡಿ ಅಂಗಡಿ, ಆಮೇಲೆ ಗಂಡ. ನಡು ಹಿಡಿದುಹೋಯಿತು. ಬೇಸಿಗೆಯ ಹೊತ್ತಿಗೆ ಮಸಾಜಿ ಕುರ್ಚಿಯಲ್ಲಿ ಕೂರುವಂತಾದ, ನಾಲಗೆಯೂ ತಿರುಗಿತು. ಆದರೆ ತಿರುಗಿದ ನಾಲಗೆಯಲ್ಲಿ ಆಡಿದ್ದು ಮತ್ತದೇ ಮಾತು. ಕಿಟಕಿ ತೆಗೆಯಲೇ? ಯಾವ್ದಾದ್ರೂ ಸರಿ. ಯಾವ ಅಂಗಿ? ಯಾವ್ದಾದ್ರೂ ಸರಿ. ಮೊದಲು ಅದನ್ನು ನಗುತ್ತ ಹೇಳುತ್ತಿದ್ದವನು ಈಗ ಗೋಡೆ ನೋಡುತ್ತ ಹೇಳುತ್ತಿದ್ದ. ಕೋಲೆ ಬಸವನನ್ನು ಕಟ್ಟಿಕೊಂಡು ಬಾಳುವುದು ಕಷ್ಟವೇನಲ್ಲ, ಆದರೆ ಇವನು ತಲೆಯಾಡಿಸುವುದನ್ನೂ ಬಿಟ್ಟಿದ್ದ.

ವಾರಕ್ಕೊಮ್ಮೆ ಬಂದು ವ್ಯಾಯಾಮ ಮಾಡಿಸುವ ಇವಾಸೆ ಎಂಬ ಹೆಂಗಸು ಹೋಗುವಾಗ ಬಾಗಿಲ ಬಳಿ ನಿಂತು ಮೆಲ್ಲಗೆ ಹೇಳಿದಳು.

“ಕೈಯಲ್ಲಿ ಶಕ್ತಿ ಬಂದಿದೆ ಕಣಮ್ಮಾ. ಅವರಿಗೆ ಬೇಕು ಅಂತ ಅನ್ನಿಸ್ತಾ ಇಲ್ಲ ಅಷ್ಟೇ. ಏನಾದ್ರೂ ಒಂದು ಬೇಕು ಅನ್ಲಿ, ಇಲ್ಲಾ ಬೇಡ ಅನ್ಲಿ. ಅದು ನಮ್ಮ ಕೈಲಿಲ್ಲ.”

ಆ ಮಾತು ತೊಕಿಕೊಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಇಷ್ಟು ದಿನ ಅವನಿಗಾಗಿ ಎಲ್ಲವನ್ನೂ ಆರಿಸಿದ್ದು ತಾನೇ. ಇನ್ನು ಅವನ ಆಸೆಯನ್ನೂ ತಾನೇ ಆರಿಸಿ ತರಬೇಕೇ? ಬೀರು ಒರೆಸುವಾಗ ಆ ಸಿ.ಡಿ. ಸಿಕ್ಕಿತು. ಪೆಟ್ಟಿಗೆ ತರಲೇ ಎಂದು ಕೇಳಿದಳು. ಅವನು ಏನೆಂದನೆಂದು ಬೇರೆ ಹೇಳಬೇಕಿಲ್ಲ.

ರಜೆಯ ದಿನ ಪಕ್ಕದ ಮನೆಯವರನ್ನು ಅವನ ಬಳಿ ಕೂರಿಸಿ ಅವಳು ಎಲೆಕ್ಟ್ರಾನಿಕ್ ಸಾಮಾನುಗಳ ಪೇಟೆ ನಿಪ್ಪೊಂಬಾಶಿಗೆ ಹೋದಳು. ಅಲ್ಲಿನ ಓಣಿಯಲ್ಲಿ ನಿಶಿಬೋರಿ ಎಂಬವನ ಹಳೆಯ ಆಟದ ಸಾಮಾನಿನ ಅಂಗಡಿಯಿದೆ. ಐವತ್ತರ ಆಸುಪಾಸಿನ ಮನುಷ್ಯ, ವ್ಯಾಪಾರಕ್ಕಿಂತ ವಿವರಣೆಯ ಮೇಲೆ ಪ್ರೀತಿ ಜಾಸ್ತಿ. ಅವಳು ಸಿ.ಡಿ. ತೋರಿಸಿದ್ದೇ ತಡ, ಮೂರು ಪೆಟ್ಟಿಗೆಗಳನ್ನು ಗಲ್ಲಾದ ಮೇಲಿಟ್ಟ. ಮೊದಲನೆಯದು ಎಲ್ಲಕ್ಕಿಂತ ಹಳೆಯ ಬೂದು ಪೆಟ್ಟಿಗೆ, ಬೆನ್ನಿನಲ್ಲಿ ಮೂರು ಬಣ್ಣದ ತೂತುಗಳಿದ್ದವು. ಹಾಡು ಕೇಳುವವರು ಇದಕ್ಕೆ ಜೀವ ಬಿಡುತ್ತಾರೆ, ಆದರೆ ವಯಸ್ಸಾದಂತೆ ಸಿ.ಡಿ. ಓದುವ ಕಣ್ಣು ಸವೆದು ಜೋತುಬೀಳುತ್ತದೆ ಎಂದ. ಎರಡನೆಯದೂ ಬೂದು ಬಣ್ಣದ್ದೇ, ಆದರೆ ಆಮೇಲೆ ಬಂದದ್ದು. ಕಣ್ಣನ್ನು ಬಿಸಿಯಿಂದ ದೂರ ಕೂರಿಸಿದ್ದಾರೆ, ಬಾಳಿಕೆ ಬರುತ್ತದೆ ಎಂದ. ಮೂರನೆಯದು ಪುಟ್ಟದು, ಬಿಳಿ, ಮೂಲೆಗಳೆಲ್ಲ ದುಂಡಗೆ. ಕೊನೆಗೆ ತಯಾರಾದದ್ದು ಇದೇ, ಕಣ್ಣು ಮುಚ್ಚಿ ಒಯ್ಯಬಹುದು ಎಂದ.

ತೊಕಿಕೊ ಮೂರನ್ನೂ ನೋಡಿದಳು. ಬಿಳಿಯದು ಅನ್ನದ ಬಿಳಿ ಎಂದು ಮನಸ್ಸು ತಾನಾಗಿ ಗುರುತು ಹಾಕಿಕೊಂಡಿತು. ಆಮೇಲೆ ತಲೆಯಲ್ಲಾಡಿಸಿದಳು.

“ನಮ್ಮನೇದು ಇದ್ಯಾವ್ದೂ ಅಲ್ಲ ತಮ್ಮಾ. ಅದರ ತಲೆ ಮೇಲೆ ನಾಲ್ಕು ರಬ್ಬರ್ ಕಾಲಿತ್ತು. ನಡುವೆ ಒಂದು ಚೀಟಿ ಅಂಟಿಸಿದ್ರು. ದಿನಾ ಧೂಳು ಒರೆಸಿದೀನಿ, ನಂಗೊತ್ತಿಲ್ವಾ?”

ನಿಶಿಬೋರಿ ಅವಳನ್ನು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ಮೊದಲನೆಯ ಬೂದು ಪೆಟ್ಟಿಗೆಯನ್ನು ಎತ್ತಿ ಬೋರಲು ಹಾಕಿದ. ನಾಲ್ಕು ಕಾಲುಗಳು ಮೇಲೆದ್ದು ನಿಂತವು, ನಡುವೆ ಚೀಟಿ.

“ಇದೇ ತಾನೇ ಅಕ್ಕಾ?”

ಇದೇ. ಅಷ್ಟು ವರ್ಷ ಅವಳು ಆ ಪೆಟ್ಟಿಗೆಯ ಹೊಟ್ಟೆಯನ್ನು ತಲೆಯೆಂದುಕೊಂಡು, ಚಾಪ್‌ಸ್ಟಿಕ್ಕಿಗೆ ಬಟ್ಟೆ ಸುತ್ತಿ ಕಾಲುಗಳ ಸಂದಿಯನ್ನು ಒರೆಸಿದ್ದಳು. ಪೆಟ್ಟಿಗೆಯನ್ನು ಮಗುಚಿದರೆ ಜೋತುಬಿದ್ದ ಕಣ್ಣು ಸಿ.ಡಿ.ಗೆ ಹತ್ತಿರವಾಗುತ್ತದಂತೆ, ಆಟ ಓಡುತ್ತದಂತೆ. ಆ ಕಾಲದಲ್ಲಿ ಮನೆಮನೆಯಲ್ಲೂ ಹಾಗೇ ಮಾಡುತ್ತಿದ್ದರು ಎಂದು ನಿಶಿಬೋರಿ ವಿವರಿಸಿದ. ತೊಕಿಕೊಳಿಗೆ ನಾಚಿಕೆಯಾಗಿ ನಗು ಬಂತು. ಚಳಿಗಾಲದಿಂದೀಚೆಗೆ ಅವಳು ನಕ್ಕದ್ದು ಅಲ್ಲೇ, ಅಪರಿಚಿತನ ಅಂಗಡಿಯಲ್ಲಿ. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂದು, ಕುರ್ಚಿ ಕೊಡಿ ಎಂದು ಕೇಳಿ ಕೂತಳು.

ಹಾಗಾದರೆ ಇದನ್ನೇ ಕಟ್ಟಿಕೊಡಲೇ, ನೆನಪಿಗೆ ಇದೇ ಸರಿ, ಆದರೆ ಇದೂ ಈಗ ಬೋರಲು ಹಾಕಿದರಷ್ಟೇ ಓಡುವ ಸ್ಥಿತಿಯಲ್ಲಿದೆ ಎಂದು ನಿಶಿಬೋರಿ ಪ್ರಾಮಾಣಿಕವಾಗಿ ಹೇಳಿದ. ಅವಳು ಬಹಳ ಹೊತ್ತು ಯೋಚಿಸಿದಳು. ಗಂಡನಿಗೆ ಪರಿಚಿತವಾದದ್ದು ಬೂದು. ಆದರೆ ಮನೆಯಲ್ಲಿ ಹಗಲೂ ರಾತ್ರಿ ಅವನ ಮೈ ಹಿಡಿದು ಹೊರಳಿಸುವವಳು ತಾನು.

“ಬಿಳೀದೇ ಕೊಡಿ. ನಾನು ಮಗುಚಿ ಹಾಕೋಕೆ ಮನೇಲಿ ಆಗ್ಲೇ ಒಬ್ರಿದಾರೆ. ಇನ್ನೊಂದನ್ನ ಮಗುಚೋ ಶಕ್ತಿ ನಂಗಿಲ್ಲ.”

ಹೊರಡುವಾಗ, ನಮ್ಮೂರ ಹೆಂಗಸರ ರೂಢಿಯಂತೆ, ಚೀಲಕ್ಕೆ ಕೈ ಹಾಕಿ ಒಂದು ಪೆಪ್ಪರ್‌ಮಿಂಟು ತೆಗೆದು ಅವನ ಕೈಗಿಟ್ಟಳು. ರೈಲಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ತಪ್ಪು ಆರಿಸಿದೆನೇನೋ ಎಂದು ದಾರಿಯುದ್ದಕ್ಕೂ ಕೊರಗಿದಳು. ಗುಂಡಿಯಾದರೆ ವಾಪಸು ಬರುತ್ತದೆ, ಬೇರೆ ಕಳಿಸಬಹುದು. ಇದನ್ನೂ ಅವನು ಗೋಡೆ ನೋಡಿದಂತೆ ನೋಡಿಬಿಟ್ಟರೆ ತಾನು ಇನ್ನೇನನ್ನು ಹುಡುಕಿಕೊಂಡು ಹೋಗಲಿ ಎಂದು ಅವಳಿಗೆ ಭಯವಾಯಿತು.

ಮನೆಗೆ ಬಂದವಳು ಒಲೆಯ ಮೇಲೆ ಗಂಜಿಗಿಟ್ಟು, ಮಸಾಜಿಯ ಕುರ್ಚಿಯನ್ನು ಟಿವಿಯ ಮುಂದೆ ಎಳೆದಳು. ಪೆಟ್ಟಿಗೆಯನ್ನು ಅವನ ಕೈಗೆಟುಕುವ ಪುಟ್ಟ ಮೇಜಿನ ಮೇಲಿಟ್ಟಳು. ತಂತಿ ಸಿಕ್ಕಿಸಿ, ಸಿ.ಡಿ. ಹಾಕಿ, ಮುಚ್ಚಳ ಮುಚ್ಚಿ ಗುಂಡಿ ಒತ್ತಿದಳು. ಪುಟ್ಟ ದೀಪ ಹತ್ತಿತು. ಮಸಾಜಿ ಪೆಟ್ಟಿಗೆಯನ್ನು ನೋಡಿದ. ಹುಬ್ಬು ಗಂಟಾಯಿತು.

“ಹೀಗಲ್ಲ,” ಎಂದ.

ತೊಕಿಕೊಳ ಕೈ ನಿಂತಲ್ಲೇ ನಿಂತಿತು. ಏನು ಹೀಗಲ್ಲ ಎಂದು ಕೇಳುವಷ್ಟರಲ್ಲಿ ಅವನು ಬಲಗೈ ಚಾಚಿ ಪೆಟ್ಟಿಗೆಯನ್ನು ಹಿಡಿದಿದ್ದ. ಒಂದೇ ಕೈಗೆ ಅದು ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಸಹಾಯಕ್ಕೆಂದು ಅವಳು ಬಾಗಿದಾಗ ಅವನು ಮೊಣಕೈಯಿಂದ ಅವಳನ್ನು ದೂಡಿದ. ತೊಡೆಯ ಮೇಲೆ ಸತ್ತಂತೆ ಬಿದ್ದಿದ್ದ ಎಡಗೈ ನಡುಗುತ್ತ ಎದ್ದಿತು, ತಡವರಿಸಿತು, ಪೆಟ್ಟಿಗೆಯ ಇನ್ನೊಂದು ಅಂಚನ್ನು ಹಿಡಿಯಿತು. ಎರಡು ಕೈಗಳೂ ಸೇರಿ ಆ ಪುಟ್ಟ ಬಿಳಿ ಪೆಟ್ಟಿಗೆಯನ್ನು ನಿಧಾನವಾಗಿ ಬೋರಲು ಹಾಕಿದವು.

“ಹೀಗಿಟ್ರೇನೇ ಕಣೇ ಓಡೋದು. ಇಷ್ಟು ದಿನ ನೋಡಿಲ್ವಾ ನೀನು?”

ಇದು ಹೇಗಿಟ್ಟರೂ ಓಡುವ ಪೆಟ್ಟಿಗೆ ಎಂಬ ಮಾತು ಅವಳ ಗಂಟಲಿನವರೆಗೆ ಬಂದಿತ್ತು. ನುಂಗಿಕೊಂಡಳು.

“ಹೌದಲ್ವಾ, ಮರೆತೇಬಿಟ್ಟಿದ್ದೆ ನೋಡ್ರೀ,” ಎಂದಳು.

ಟಿವಿಯಲ್ಲಿ ಕೆರೆ ಬಂತು. ನೀರಿನ ಸದ್ದು ಬಂತು. ಮಸಾಜಿ ಒಂದೇ ಕೈಯಲ್ಲಿ ಆಡಿದ, ಒಂದು ಮೀನೂ ಬೀಳಲಿಲ್ಲ, ಸ್ವಲ್ಪ ಹೊತ್ತಿಗೇ ಬಸವಳಿದು ಕುರ್ಚಿಗೆ ಒರಗಿದ. ತೊಕಿಕೊ ಅಡುಗೆಮನೆಯ ಬಾಗಿಲಲ್ಲಿ ಬೆನ್ನು ಆನಿಸಿ ನಿಂತಿದ್ದಳು. ಅವಳ ಕಾಲು ನೋಯುತ್ತಿತ್ತು, ನಡು ನೋಯುತ್ತಿತ್ತು, ಅಳುವುದಕ್ಕೂ ಸುಸ್ತಾಗಿತ್ತು. ಅಭ್ಯಾಸಬಲದಿಂದ, ಉತ್ತರ ಗೊತ್ತಿದ್ದೂ, ಊಟಕ್ಕೇನು ಕೊಡಲಿ ಎಂದು ಕೇಳಿದಳು.

“ಯಾವ್ದಾದ್ರೂ…” ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ. ಟಿವಿಯಲ್ಲಿನ ನೀರನ್ನೇ ನೋಡುತ್ತ ಸ್ವಲ್ಪ ಯೋಚಿಸಿದ.

“ಗಂಜಿ ಬೇಡ.”

ಗಂಜಿ ಆಗಲೇ ಬೆಂದಿತ್ತು. ಮೊದಲೇ ಹೇಳಬಾರದಿತ್ತೇ, ನಾನೇನು ನಿಮ್ಮ ಮನೆಯ ಆಳೇ ಎಂದು ತೊಕಿಕೊ ಬಾಯಿತುಂಬ ಬೈದಳು. ಬೈಯುತ್ತಲೇ ಉದೊನ್ ಶಾವಿಗೆ ಬೇಯಿಸಿ, ಸಣ್ಣಗೆ ತುಂಡು ಮಾಡಿ, ಸಾರಿನೊಂದಿಗೆ ತಂದು ಅವನ ಮುಂದಿಟ್ಟಳು. ಅವನ ಎದುರು ಕೂತು, ಮಿಕ್ಕಿದ ಗಂಜಿಯನ್ನೆಲ್ಲ ತಾನೇ ಕುಡಿದಳು.